ಅಲಸಂದೆ ಬೇರಿನ ಗಂಟಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸುವುದು ಹೇಗೆ?

ಅಲಸಂದೆ ಬೇರಿನ ಮೇಲಿನ ದುಂಡನೆಯ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕಿಸಿಕೊಡುವ ಬ್ಯಾಕ್ಟೀರಿಯಾಗಳಿರುತ್ತವೆ. ನೆದರ್‌ಲೆಂಡ್ಸ್‌ನ ಸೂಕ್ಷ್ಮಜೀವಿ ವಿಜ್ಞಾನಿ ಬೈಜರಿಂಕ್ 1888ರಲ್ಲಿ ಇವನ್ನು ಗಂಟಿನಿಂದ ಹೊರತೆಗೆದು ಬೆಳೆಸಿ ತೋರಿಸಿದರು. ಕೃಷಿ ವಿಶ್ವವಿದ್ಯಾಲಯಗಳ ಸಂಶೋಧಕರು ಇಂದಿಗೂ ಅನುಸರಿಸುವ ಕ್ರಮ ಹೀಗಿದೆ.

ಗಿಡ ಹೂ ಬಿಡುವ ಹೊತ್ತಿಗೆ ಹೊಲಕ್ಕೆ ಹೋಗಬೇಕು. ಕಾಯಿ ಬಲಿಯತೊಡಗಿದರೆ ಗಂಟುಗಳು ಸೊರಗುತ್ತವೆ. ಗಿಡವನ್ನು ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುವುದರಿಂದ, ಬುಡದ ಸುತ್ತ ಸುಮಾರು 15 ಸೆಂಟಿಮೀಟರ್ ಬಿಟ್ಟು ಗುದ್ದಲಿಯಿಂದ ಅಗೆದು, ಹೆಂಟೆಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ ಮಣ್ಣು ಕರಗಿಸಬೇಕು. ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುವಿನಿಂದಲೂ ಬೇರು ಗಂಟುಗಂಟಾಗುತ್ತದೆ, ಆದರೆ ಅಲ್ಲಿ ಬೇರೇ ಊದಿಕೊಂಡಿರುತ್ತದೆ. ನಮಗೆ ಬೇಕಾದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಉಗುರು ತಾಗಿಸಿದರೆ ಉದುರುತ್ತದೆ.

ಒಂದೆರಡನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಭಾಗ ಹಸಿಮಾಂಸದಂತೆ ಕೆಂಪಗಿದ್ದರೆ ಅದು ಕೆಲಸ ಮಾಡುತ್ತಿರುವ ಗಂಟು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಲೆಗ್‌ಹಿಮೋಗ್ಲೋಬಿನ್ ಆ ಬಣ್ಣ ಕೊಡುತ್ತದೆ. ಹಸಿರು ತಿರುಗಿದ್ದರೆ ಅದರ ಕಾಲ ಮುಗಿದಿದೆ.

ಪ್ರಯೋಗಾಲಯದಲ್ಲಿ ಕೈ ಹೆಚ್ಚು ತಪ್ಪುವುದು ಸೀಳದ ಗಂಟಿನ ಹೊರಮೈ ಶುದ್ಧೀಕರಿಸುವಾಗ. ಗಂಟನ್ನು ಕೆಲವು ಸೆಕೆಂಡು ಆಲ್ಕೋಹಾಲಿನಲ್ಲಿ, ಬಳಿಕ ಮೂರ್ನಾಲ್ಕು ನಿಮಿಷ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಐದಾರು ಬಾರಿ ತೊಳೆಯಬೇಕು. ಕೊನೆಯ ತೊಳೆದ ನೀರಿನ ಹನಿಯೊಂದನ್ನು ಬೇರೊಂದು ಅಗರ್ ತಟ್ಟೆಗೆ (ಬ್ಯಾಕ್ಟೀರಿಯಾ ಬೆಳೆಸಲು ಪೋಷಕಾಂಶ ಬೆರೆಸಿ ಗಟ್ಟಿಯಾಗಿಸಿದ ಲೋಳೆಯ ತಟ್ಟೆ) ಹಾಕುವುದನ್ನು ಮರೆಯಬಾರದು: ಅಲ್ಲಿ ಏನಾದರೂ ಬೆಳೆದರೆ, ಗಂಟಿನಿಂದ ಬಂದದ್ದೆಂದು ನಾವು ನಂಬಿದ್ದು ಹೊರಗಿನ ಮಣ್ಣಿನದೇ ಆಗಿರಬಹುದು.

ತೊಳೆದ ಗಂಟನ್ನು ಒಂದು ಹನಿ ಶುದ್ಧ ನೀರಿನಲ್ಲಿ ಜಜ್ಜಿ, ಆ ರಸವನ್ನು ಯೀಸ್ಟ್ ಸಾರ, ಸಕ್ಕರೆಯಂಥ ಮ್ಯಾನಿಟಾಲ್ ಮತ್ತು ಕಾಂಗೋ ರೆಡ್ ಬಣ್ಣ ಬೆರೆಸಿದ ಅಗರ್ ತಟ್ಟೆಯ ಮೇಲೆ ತಂತಿಕುಣಿಕೆಯಿಂದ ಗೆರೆ ಎಳೆದು, 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅಲಸಂದೆಯ ಗಂಟುಗಳಲ್ಲಿ ನಿಧಾನವಾಗಿ ಬೆಳೆಯುವ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿರುವುದರಿಂದ ವಾರವಿಡೀ ಕಾಯಬೇಕಾದೀತು. ಬೆಂದ ಸಾಬೂದಾನಿಯಂತೆ ಲೋಳೆಲೋಳೆಯಾಗಿ, ಬಣ್ಣ ಹೆಚ್ಚು ಹೀರದೆ ಬೆಳ್ಳಗೆ ಮೂಡುವ ಚುಕ್ಕೆಗಳನ್ನಷ್ಟೇ ಆರಿಸಿಕೊಳ್ಳಬೇಕು. ಮರುದಿನವೇ ಹರಡಿಕೊಂಡು ಕಡುಗೆಂಪಾದವು ಸಾಮಾನ್ಯವಾಗಿ ಪರಕೀಯರು.

ಇಷ್ಟಕ್ಕೇ ಅದು ಗಂಟು ಕಟ್ಟುವ ಬ್ಯಾಕ್ಟೀರಿಯಾ ಎಂದು ಬರೆದುಬಿಡುವುದು ಆತುರವಾದೀತು. ಶುದ್ಧೀಕರಿಸಿದ ಮರಳಿನಲ್ಲಿ ಅಲಸಂದೆ ಬಿತ್ತಿ, ಸಾರಜನಕವಿಲ್ಲದ ಪೋಷಕ ದ್ರಾವಣ ಕೊಟ್ಟು, ಕೆಲವು ಕುಂಡಗಳಿಗೆ ಮಾತ್ರ ಈ ಬ್ಯಾಕ್ಟೀರಿಯಾ ಸೇರಿಸಬೇಕು. ನಾಲ್ಕೈದು ವಾರಗಳ ನಂತರ ಬ್ಯಾಕ್ಟೀರಿಯಾ ಪಡೆದ ಗಿಡಗಳಲ್ಲಿ ಗಂಟು ಕಟ್ಟಿ ಎಲೆ ಹಸಿರಾಗಿರಬೇಕು, ಪಡೆಯದವು ಗಂಟಿಲ್ಲದೆ ಹಳದಿಗೆ ತಿರುಗಿರಬೇಕು. ಪಡೆಯದ ಕುಂಡದಲ್ಲೂ ಗಂಟು ಕಂಡರೆ ಆ ಮರಳನ್ನು ಚೆಲ್ಲಿ, ಕುಂಡದ ಪರೀಕ್ಷೆಯನ್ನು ಮೊದಲಿನಿಂದ ಶುರುಮಾಡಬೇಕು.