ಒಂದೇ ಕರಪತ್ರ, ಮೂರು ಭಾಷೆ: ತಾರೀಖು ಕೂರಿಸುವ ಕೆಲಸ

ಕಲಬುರಗಿಯಲ್ಲಿ ಡಿಟಿಪಿ ಅಂಗಡಿ ಇಟ್ಟವರಿಗೆ ಒಂದೇ ಭಾಷೆಯ ಕೆಲಸ ಸಿಗುವುದು ಕಡಿಮೆ. ಕರಪತ್ರ ಅಂದರೆ ಕನ್ನಡ, ಉರ್ದು ಎರಡೂ ಬೇಕು. ಶಾಲೆಯ ಆಮಂತ್ರಣವಾದರೆ ಇಂಗ್ಲಿಷೂ ಸೇರುತ್ತದೆ. ನಾನು ಇದನ್ನೆಲ್ಲ ಲಿಬ್ರೆಆಫೀಸ್ ರೈಟರ್ ಅನ್ನುವ ಉಚಿತ ಬರವಣಿಗೆ ಸಾಫ್ಟ್‌ವೇರ್‌ನಲ್ಲೇ ಮಾಡುತ್ತೇನೆ.

ಟೂಲ್ಸ್, ಆಪ್ಷನ್ಸ್ ಒಳಗೆ ಭಾಷೆಯ ಪುಟ ತೆರೆದರೆ ಮೂರು ಖಾನೆ ಕಾಣುತ್ತವೆ: ವೆಸ್ಟರ್ನ್, ಏಷ್ಯನ್, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್. ಕನ್ನಡ ಏಷ್ಯನ್ ಖಾನೆಯಲ್ಲಿರಬೇಕು ಅನಿಸುತ್ತದೆ ಅಲ್ವಾ? ಅದು ಚೀನಿ, ಜಪಾನಿ, ಕೊರಿಯನ್‌ಗೆ. ಕನ್ನಡ, ಉರ್ದು ಎರಡೂ ಮೂರನೆಯದಕ್ಕೆ ಸೇರುತ್ತವೆ, ಅಲ್ಲಿ ಆರಿಸಲು ಆಗುವುದು ಒಂದೇ ಭಾಷೆ. ನಾನು ಕನ್ನಡ ಇಟ್ಟುಕೊಂಡಿದ್ದೇನೆ. ಉರ್ದುಗೆ ಬೇರೆ ಪ್ಯಾರಾಗ್ರಾಫ್ ಸ್ಟೈಲ್, ಅಂದರೆ ಒಮ್ಮೆ ಮಾಡಿಟ್ಟು ಬೇಕಾದ ಪ್ಯಾರಾಕ್ಕೆ ಹಾಕುವ ಸೆಟ್ಟಿಂಗ್‌ಗಳ ಗುಂಪು ಇದೆ: ಭಾಷೆ ಉರ್ದು, ದಿಕ್ಕು ಬಲದಿಂದ ಎಡಕ್ಕೆ, ಫಾಂಟ್ ನೋಟೋ ನಸ್ತಾಲೀಕ್. ಆ ಫಾಂಟ್‌ಗೆ ಸಾಲಿನ ಅಂತರ ಜಾಸ್ತಿ ಬೇಕು, ಅದನ್ನೂ ಸ್ಟೈಲ್‌ನಲ್ಲೇ ಕೊಟ್ಟಿದ್ದೇನೆ.

ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಮ್ಯಾಟರ್ ಬಂದರೆ ಇದ್ಯಾವುದೂ ನಡೆಯುವುದಿಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ವೇಷ ಮಾತ್ರ ಕನ್ನಡ. ಮೊದಲು ಯೂನಿಕೋಡ್‌ಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿಗೆ ತಿರುಗಿಸಿಕೊಳ್ಳಿ.

ತಾರೀಖಿನ ವಿಷಯಕ್ಕೆ ಭಾಷೆಯ ಅದೇ ಪುಟದಲ್ಲಿ ಲೊಕೇಲ್ ಅಂತ ಇನ್ನೊಂದಿದೆ, ಯಾವ ದೇಶದ ರೂಢಿ ಅಂತ ಹೇಳುವ ಖಾನೆ. ಅಲ್ಲಿ ಇಂಗ್ಲಿಷ್ ಯುಎಸ್ಎ ಇದ್ದರೆ 5/6/26 ಅಂದರೆ ಮೇ 6. ಇಂಗ್ಲಿಷ್ ಇಂಡಿಯಾ ಮಾಡಿದರೆ ಜೂನ್ 5. ಪತ್ರದ ಮೇಲೆ ತಾರೀಖು ಹಾಕುವಾಗ ನಾನು ಫೀಲ್ಡ್‌ನಲ್ಲಿ (ಸಾಫ್ಟ್‌ವೇರ್ ತಾನೇ ತಾರೀಖು ತುಂಬುವ ಜಾಗ) 'ಡೇಟ್ ಫಿಕ್ಸ್ಡ್' ಆರಿಸುತ್ತೇನೆ. ಸುಮ್ನೆ 'ಡೇಟ್' ಹಾಕಿದರೆ ಮುಂದಿನ ವಾರ ಫೈಲ್ ತೆರೆದಾಗ ಮುಂದಿನ ವಾರದ ತಾರೀಖೇ ಕೂತಿರುತ್ತದೆ. ಫಾರ್ಮ್ಯಾಟ್ ಪಟ್ಟಿಯ ಕೊನೆಗೆ ಹೋಗಿ ಭಾಷೆ ಕನ್ನಡ ಮಾಡಿದರೆ ತಿಂಗಳ ಹೆಸರೂ ಕನ್ನಡದಲ್ಲಿ ಬರುತ್ತದೆ.

ನಿಜವಾದ ಕಾಟ ಉರ್ದು ಸಾಲಿನದು. ಉರ್ದು ಪದ ಆದಮೇಲೆ 05-06-26 ಅಂತ ಹೊಡೆದು ನೋಡಿ. ಪರದೆಯ ಮೇಲೆ 26-06-05 ಆಗುತ್ತದೆ. ಓದಿದವರು 2005ರ ಜೂನ್ 26 ಅಂದುಕೊಂಡರೆ ಅವರ ತಪ್ಪೇನು? ಇದು ಸಾಫ್ಟ್‌ವೇರಿನ ದೋಷ ಅಲ್ಲ. ಎಡ-ಬಲ ಬೆರೆತ ಬರಹಕ್ಕೆ ಯೂನಿಕೋಡ್ ಇಟ್ಟ ನಿಯಮವೇ ಹಾಗಿದೆ. ಅರಬಿ ಲಿಪಿಯ (ಉರ್ದುವಿನದೂ ಅದೇ) ಅಕ್ಷರ ಆದಮೇಲೆ ಬಂದ ಅಂಕಿಗಳನ್ನು ಅಡ್ಡಗೆರೆ ಒಟ್ಟಿಗೆ ಹಿಡಿದಿಡುವುದಿಲ್ಲ, ಓರೆಗೆರೆ ಹಿಡಿದಿಡುತ್ತದೆ. 05/06/26 ಅಂತ ಬರೆದರೆ ಇದ್ದಂಗೇ ಇರುತ್ತದೆ. ಆದರೂ ಆಮಂತ್ರಣಕ್ಕೆ ನಾನು ತಿಂಗಳ ಹೆಸರು, ಪೂರ್ತಿ ಇಸವಿ ಬರೆಯುತ್ತೇನೆ. ಆಗ ಗೊಂದಲದ ಮಾತೇ ಇಲ್ಲ.

ಬಂದೇ ನವಾಜ್ ದರ್ಗಾದ ಉರುಸ್ ಜಿಲ್ಕಾದ್ ತಿಂಗಳಲ್ಲಿ ಬರುತ್ತದೆ. ಆ ಸಮಯದ ಕೆಲಸಗಳಿಗೆ ಹಿಜ್ರಿ, ಅಂದರೆ ಇಸ್ಲಾಮಿ ಪಂಚಾಂಗದ ತಾರೀಖೂ ಬೇಕು. ಲಿಬ್ರೆಆಫೀಸ್‌ನಲ್ಲಿ ಹಿಜ್ರಿ ಕ್ಯಾಲೆಂಡರ್ ಇದೆ, ಆದರೆ ಅದು ಲೆಕ್ಕ ಹಾಕಿದ ತಾರೀಖು. ಇಲ್ಲಿ ತಿಂಗಳು ಶುರುವಾಗುವುದು ಚಂದ್ರ ಕಂಡಮೇಲೆ, ಒಂದು ದಿನ ಆಚೀಚೆ ಆಗಬಹುದು. ಹಾಗಾಗಿ ಅದನ್ನು ಗಿರಾಕಿ ಕೈಯಲ್ಲೇ ಬರೆಸಿಕೊಂಡು ಟೈಪ್ ಮಾಡುತ್ತೇನೆ.