ಮಕ್ಕಳು ಊಟಕ್ಕೇ ಹೆದರತೊಡಗಿದರೆ: ಹಾಸನ, ಚಿಕ್ಕಮಗಳೂರಿನ ಮನೆಗಳಿಗೆ ಚಿಕಿತ್ಸೆಯ ದಾರಿ

ಶನಿವಾರದ ಒಪ್ಪತ್ತು ಸೋಮವಾರಕ್ಕೂ ಗುರುವಾರಕ್ಕೂ ಹಬ್ಬುತ್ತದೆ. ಮೊದಲು ರೊಟ್ಟಿಗೆ ತುಪ್ಪ ಬೇಡ, ಆಮೇಲೆ ರೊಟ್ಟಿಯೇ ಬೇಡ, ಹಾಲಿಲ್ಲದ ಕಾಫಿ ಸಾಕು. ಇನ್ನು ಕೆಲವರು ಎಲ್ಲರ ಜೊತೆ ಸರಿಯಾಗಿಯೇ ಉಂಡು, ಕೈ ತೊಳೆದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಾರೆ. ಮನೆಯವರು ಭಕ್ತಿ, ಪಿತ್ತ, ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ. ವೈದ್ಯರು ಇದನ್ನು ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ. ದಪ್ಪಗಾಗುವ ಭಯಕ್ಕೆ ಊಟ ಬಿಡುತ್ತಾ ಸೊರಗುವುದು ಅನೊರೆಕ್ಸಿಯಾ. ಒಮ್ಮೆಲೇ ವಿಪರೀತ ತಿಂದು ಅದನ್ನು ವಾಂತಿಯಿಂದಲೋ ಭೇದಿ ಮಾತ್ರೆಯಿಂದಲೋ ಕಳೆಯಲು ನೋಡುವುದು ಬುಲಿಮಿಯಾ. ಕಳೆಯಲು ಹೋಗದೆ, ಹಾಗೆ ತಿಂದು ಒಳಗೇ ನರಳುವುದು ಬಿಂಜ್ ಈಟಿಂಗ್. ಹುಡುಗರಿಗೂ ಬರುತ್ತದೆ. ನೋಡಲು ಮೈಕೈ ತುಂಬಿಕೊಂಡವರಿಗೂ ಬರುತ್ತದೆ, ಅವರಲ್ಲಿ ಪತ್ತೆಯಾಗುವುದೇ ತಡ.

ಬೆಂಗಳೂರಿನ ದೊಡ್ಡ ಡಾಕ್ಟರು ಸಿಗಲಿ ಅಂತ ಕಾಯಬೇಡಿ. ಮೊದಲ ಕೆಲಸ ಇಲ್ಲೇ, ಈ ವಾರವೇ ಆಗಬೇಕು: ಮೈ ತಪಾಸಣೆ. ಹಾಸನದವರು ಹಿಮ್ಸ್ ಆಸ್ಪತ್ರೆಗೆ, ಚಿಕ್ಕಮಗಳೂರಿನವರು ಜಿಲ್ಲಾ ಆಸ್ಪತ್ರೆಗೆ ಹೋಗಿ. ಮಲಗಿದಾಗ ಮತ್ತು ಎದ್ದು ನಿಂತಾಗ ಬೇರೆ ಬೇರೆಯಾಗಿ ನಾಡಿ, ಬಿಪಿ ನೋಡಲು ಕೇಳಿ. ಇಸಿಜಿ, ಸಕ್ಕರೆ, ಕಿಡ್ನಿ, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಬೇಕು. ಫಾಸ್ಫರಸ್ ಮತ್ತು ಮೆಗ್ನೀಸಿಯಂ ಸಾಮಾನ್ಯ ಪಟ್ಟಿಯಲ್ಲಿ ಸೇರಿರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಎದೆಬಡಿತದ ಲಯ ತಪ್ಪುತ್ತದೆ. ಈ ಕಾಯಿಲೆಯಲ್ಲಿ ಜೀವ ಹೋಗುವ ದಾರಿಗಳಲ್ಲಿ ಅದೂ ಒಂದು. ರಿಪೋರ್ಟ್ ಎಲ್ಲ ಸರಿ ಇದೆ ಅಂತ ಬಂದರೂ ಅಷ್ಟಕ್ಕೇ ಸಮಾಧಾನ ಬೇಡ. ತುಂಬಾ ಸೊರಗಿದವರಲ್ಲೂ ರಕ್ತಪರೀಕ್ಷೆ ಸರಿಯಾಗಿಯೇ ಬರುವುದುಂಟು.

ಒಪಿಡಿಯಲ್ಲಿ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ: ಊಟ ಕಮ್ಮಿಯಾದದ್ದು ಯಾವ ತಿಂಗಳಿಂದ, ಮುಟ್ಟು ಕೊನೆಯದಾಗಿ ಯಾವಾಗ ಆಯಿತು, ವಾಂತಿ ಎಷ್ಟು ಸಲ, ಭೇದಿ ಮಾತ್ರೆ ಅಥವಾ ತೂಕ ಇಳಿಸುವ ಪುಡಿ ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ, ತಲೆಸುತ್ತು ಬಂದದ್ದುಂಟೇ. ‘ಸುಸ್ತು’ ಅಂತಷ್ಟೇ ಹೇಳಿದರೆ ಕಬ್ಬಿಣದ ಮಾತ್ರೆ, ಹಸಿವಿನ ಟಾನಿಕ್ ಕೊಟ್ಟು ಕಳಿಸುತ್ತಾರೆ. ಟಾನಿಕ್ಕಿನಿಂದ ಭಯ ಹೋಗುವುದಿಲ್ಲ. ಮಕ್ಕಳಿಗೆ ವೈದ್ಯರ ಜೊತೆ ಒಬ್ಬರೇ ಮಾತಾಡಲು ಸ್ವಲ್ಪ ಹೊತ್ತು ಬಿಟ್ಟುಕೊಡಿ. ಅಮ್ಮನ ಎದುರು ವಾಂತಿಯ ವಿಷಯ ಹೊರಬರುವುದು ಕಷ್ಟ.

ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ, ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರೂ ಸೇರದಿದ್ದರೆ, ಸಾಯುವ ಮಾತಾಡಿದರೆ ಒಪಿಡಿಗೆ ಕಾಯದೆ 108ಕ್ಕೆ ಕರೆ ಮಾಡಿ ತುರ್ತು ವಿಭಾಗಕ್ಕೆ ಹೋಗಿ.

ಒಂದು ತಪ್ಪಂತೂ ಖಂಡಿತ ಆಗಬಾರದು. ದಿನಗಟ್ಟಲೆ ಏನೂ ತಿನ್ನದವರಿಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುವುದು, ಇಲ್ಲವೇ ‘ಪಾಪ, ಇವತ್ತು ತಿಂತಾಳೆ’ ಅಂತ ಒಂದೇ ಸಲಕ್ಕೆ ಹಬ್ಬದೂಟ ಬಡಿಸುವುದು. ಬರಗಾಲಕ್ಕೆ ಒಗ್ಗಿದ ದೇಹಕ್ಕೆ ದಿಢೀರನೆ ಸಕ್ಕರೆ ಸೇರಿದರೆ ರಕ್ತದಲ್ಲಿರುವ ಫಾಸ್ಫರಸ್, ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸೆಳೆದುಹೋಗಿ, ಹೃದಯ ಮತ್ತು ಉಸಿರಾಟಕ್ಕೆ ಕುತ್ತು ಬರುತ್ತದೆ. ಐದಾರು ದಿನಕ್ಕಿಂತ ಹೆಚ್ಚು ಹೊಟ್ಟೆಗೆ ಏನೂ ಸೇರಿಲ್ಲದಿದ್ದರೆ ಆಸ್ಪತ್ರೆಯಲ್ಲೇ, ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ರಕ್ತಪರೀಕ್ಷೆ ಮಾಡುತ್ತಾ ಊಟ ಏರಿಸಬೇಕು.

ಎರಡನೇ ಹೆಜ್ಜೆ ಮನೋವೈದ್ಯರು. ಹಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲ್ಲೂಕುಗಳಿಗೂ ಬರುತ್ತಾರೆ. ಸಕಲೇಶಪುರವಾಗಲಿ ಮೂಡಿಗೆರೆಯಾಗಲಿ, ಯಾವ ದಿನ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಯಾರ ಮುಂದೆ ಹೇಳಿಕೊಳ್ಳುವುದು ಅಂತ ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದು: ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದಾದರೆ ಇಲ್ಲಿನ ಇಸಿಜಿ, ರಕ್ತದ ರಿಪೋರ್ಟ್, ವೈದ್ಯರ ಪತ್ರ ಜೊತೆಗಿರಲಿ. ಆರೋಗ್ಯ ವಿಮೆಯವರು ‘ಮಾನಸಿಕ ಕಾಯಿಲೆ’ ಎಂಬ ಒಂದೇ ನೆಪಕ್ಕೆ ಹಣ ನಿರಾಕರಿಸುವಂತಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಅದು ಇದೆ.

ಬುಲಿಮಿಯಾಕ್ಕೆ ಫ್ಲೂಕ್ಸೆಟಿನ್ ಮಾತ್ರೆ ನೆರವಾಗುತ್ತದೆ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇನ್ನೂ ಮುಖ್ಯ. ವಾರಕ್ಕೊಂದರಂತೆ ಸುಮಾರು 20 ಭೇಟಿ ಹಿಡಿಯುತ್ತದೆ. ಅನೊರೆಕ್ಸಿಯಾಕ್ಕೆ ಹಾಗೆ ವಾಸಿ ಮಾಡುವ ಮಾತ್ರೆ ಇಲ್ಲ. ಅಲ್ಲಿ ಊಟವೇ ಔಷಧಿ, ಮಕ್ಕಳ ವಿಷಯದಲ್ಲಿ ಅದನ್ನು ಕೊಡಬೇಕಾದವರು ಮನೆಯವರು. ಆರು ತಿಂಗಳಿಂದ ವರ್ಷದ ಕೆಲಸ ಅಂತ ಮನಸ್ಸು ಗಟ್ಟಿಮಾಡಿಕೊಳ್ಳಿ.

ದೇಹ ಸ್ಥಿರವಾಗಿದೆ ಅಂತ ವೈದ್ಯರು ಹೇಳಿದ ಮೇಲೆ ಮೂರು ಹೊತ್ತು ಊಟ, ನಡುವೆ ಎರಡು ಮೂರು ಸಲ ತಿಂಡಿ, ಗಡಿಯಾರ ನೋಡಿ ಕೊಡಿ. ಹಸಿವು ಕೇಳಿ ಬಡಿಸಬೇಡಿ. ಈ ಕಾಯಿಲೆಯಲ್ಲಿ ಹಸಿವಿನ ಮಾತು ನಂಬುವಂತಿರುವುದಿಲ್ಲ. ಏನು, ಎಷ್ಟು ಎಂಬುದನ್ನು ದೊಡ್ಡವರೇ ತೀರ್ಮಾನಿಸಿ ತಟ್ಟೆಗೆ ಹಾಕಬೇಕು. ಬೇರೆ ಅಡುಗೆ ಬೇಡ. ಮನೆಯ ಮುದ್ದೆ, ಅವರೆಕಾಳಿನ ಸಾರು, ಕಡುಬು, ತುಪ್ಪ ಹಾಕಿದ ಅಕ್ಕಿ ರೊಟ್ಟಿಯೇ ಸಾಕು. ಒಬ್ಬರು ಜೊತೆಗೆ ಕೂತು ಉಣ್ಣಬೇಕು. ಅತ್ತರೆ, ತಟ್ಟೆ ತಳ್ಳಿದರೆ ವಾದಕ್ಕಿಳಿಯಬೇಡಿ: ‘ಕಷ್ಟ ಆಗ್ತಿದೆ ಗೊತ್ತು ಕಣಮ್ಮ, ಇನ್ನೊಂದು ತುತ್ತು’ ಅಷ್ಟೇ. ಉಂಡಾದ ಮೇಲೆ ಒಂದು ಗಂಟೆ ಬಚ್ಚಲಿಗೆ ಒಬ್ಬರನ್ನೇ ಬಿಡದೆ, ಜೊತೆಗಿದ್ದು ಬೇರೆ ಮಾತಾಡಿ. ಆದರೂ ವಾಂತಿಯಾದರೆ ಕೂಡಲೇ ಹಲ್ಲುಜ್ಜಿಸಬೇಡಿ. ಹೊಟ್ಟೆಯ ಆಮ್ಲದಿಂದ ಮೆತ್ತಗಾದ ಹಲ್ಲು ಬ್ರಷ್ಷಿಗೆ ಸವೆಯುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು. ಮನೆಯ ತೂಕದ ಯಂತ್ರ ಎತ್ತಿಡಿ, ತೂಕ ನೋಡುವುದು ಆಸ್ಪತ್ರೆಯಲ್ಲಿ ಮಾತ್ರ. ಹರಕೆ, ಉಪವಾಸ ಸದ್ಯಕ್ಕೆ ನಿಲ್ಲಲಿ; ಅವರ ಪಾಲಿನದನ್ನು ಮನೆಯ ಬೇರೆಯವರು ಮಾಡಬಹುದು.

ನೆಂಟರಿಗೆ ಮೊದಲೇ ಹೇಳಿಡಿ. ‘ಈಗ ಮೈ ತುಂಬ್ಕೊಂಡಿದ್ದೀಯ, ಲಕ್ಷಣವಾಗಿ ಕಾಣ್ತೀಯ’ ಅನ್ನುವ ಪ್ರೀತಿಯ ಮಾತೂ ಆ ಕಿವಿಗೆ ‘ದಪ್ಪ ಆಗಿದ್ದೀಯ’ ಅಂತಲೇ ಕೇಳುತ್ತದೆ. ಹೊಗಳಿಕೆಯಾಗಲಿ, ಬೈಗುಳವಾಗಲಿ, ಮೈಯ ಬಗ್ಗೆ ಮಾತೇ ಬೇಡ.

ಹಾಸ್ಟೆಲ್ಲಿನಲ್ಲಿರುವವರನ್ನು ಸದ್ಯಕ್ಕೆ ಮನೆಗೆ ಕರೆತನ್ನಿ, ಕಾಲೇಜಿಗೆ ವೈದ್ಯರ ಪತ್ರ ಕೊಡಿ. ಮರಳಿ ಕಳಿಸುವ ಮುಂಚೆ ಒಂದಿಷ್ಟು ವಾರ ಯಾರೂ ಕಾಯದೆ ತಾವೇ ಬಡಿಸಿಕೊಂಡು ಉಣ್ಣುವಂತಾಗಿರಬೇಕು. ವಾರ್ಡನ್ನಿಗೆ ವಿಷಯ ತಿಳಿಸಿ, ಮೊದಲ ತಿಂಗಳು ಶನಿವಾರ ಭಾನುವಾರ ಬಸ್ಸು ಹತ್ತಿ ಮನೆಗೆ ಬರುವಂತೆ ಮಾಡಿಕೊಳ್ಳಿ.