ಮನೆಯ ವೈಫೈ ಕೈಕೊಟ್ಟಾಗ ದೋಷವನ್ನು ಪತ್ತೆ ಮಾಡುವ ಬಗೆ

‘ವೈಫೈ ಬರುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಮೊಬೈಲ್ ಅಥವಾ ಲ್ಯಾಪ್‌ಟಾಪಿನಿಂದ ರೌಟರ್‌ವರೆಗೆ ಗಾಳಿಯಲ್ಲಿ ಸಾಗುವ ಕೊಂಡಿ ಒಂದು. ರೌಟರಿನಿಂದ ಸೇವೆ ಒದಗಿಸುವ ಕಂಪನಿಯವರೆಗೆ ತಂತಿಯಲ್ಲಿ ಸಾಗುವ ಕೊಂಡಿ ಇನ್ನೊಂದು. ಇವೆರಡರಲ್ಲಿ ಯಾವುದು ಕಡಿದಿದೆ ಎಂದು ತಿಳಿಯದೆ ಪಾಸ್‌ವರ್ಡ್ ಬದಲಾಯಿಸುವುದು, ಕಂಡ ಗುಂಡಿಗಳನ್ನೆಲ್ಲ ಒತ್ತುವುದು ಇವುಗಳಿಂದ ಸಣ್ಣ ದೋಷ ದೊಡ್ಡದಾಗುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ಗೆ ಕೈಹಾಕುವ ಮೊದಲು ಐದು ನಿಮಿಷವನ್ನು ಪರೀಕ್ಷೆಗೆ ಮೀಸಲಿಡಬೇಕು.

ಮೊದಲು ಮನೆಯ ಇನ್ನೊಂದು ಸಾಧನದಲ್ಲಿ ಸಂಪರ್ಕ ಸಿಗುತ್ತದೆಯೇ ನೋಡಿ. ಅದರಲ್ಲಿ ಸಿಕ್ಕರೆ ತೊಂದರೆ ಇರುವುದು ನಿಮ್ಮ ಸಾಧನದಲ್ಲಿ ಎಂದು ಬಹುಮಟ್ಟಿಗೆ ಖಚಿತವಾಯಿತು. ಯಾವುದರಲ್ಲೂ ಸಿಗದಿದ್ದರೆ, ವೈಫೈಗೆ ಸೇರಿಕೊಂಡಿರುವಾಗಲೇ ಬ್ರೌಸರ್ ತೆರೆದು ರೌಟರಿನ ವಿಳಾಸವನ್ನು ಬರೆಯಿರಿ. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿದ್ದು, ರೌಟರಿನ ತಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ರೌಟರಿನ ಲಾಗಿನ್ ಪುಟ ತೆರೆದುಕೊಂಡರೆ ಗಾಳಿಯ ಕೊಂಡಿ ಸರಿಯಾಗಿದೆ, ದೋಷ ತಂತಿಯ ಕಡೆಗಿದೆ ಎಂದರ್ಥ.

ತಂತಿಯ ಕಡೆಯ ದೋಷದಲ್ಲಿ ನಾವು ಮಾಡಬಹುದಾದದ್ದು ಕಡಿಮೆ. ಫೈಬರ್ ಸಂಪರ್ಕವಿದ್ದರೆ ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂದು ಗುರುತಿಸಿದ ದೀಪ ಕೆಂಪಾಗಿ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಪೆಟ್ಟಿಗೆಯನ್ನು ತಲುಪುತ್ತಿಲ್ಲ. ಫೈಬರ್ ತಂತಿ ಎಲ್ಲಾದರೂ ಬಿಗಿಯಾಗಿ ಮಡಚಿಕೊಂಡಿದ್ದರೆ ಮೆಲ್ಲಗೆ ಸಡಿಲಿಸಿ, ಅದರ ತುದಿಯನ್ನು ಮಾತ್ರ ಬಿಚ್ಚಿ ಒರೆಸಲು ಹೋಗದೆ ಕಂಪನಿಗೆ ದೂರು ಕೊಡಿ. ಕೆಂಪು ದೀಪವಿಲ್ಲದಿದ್ದರೆ ಮೋಡೆಮ್ (ಕಂಪನಿಯ ತಂತಿ ಬಂದು ಸೇರುವ ಪೆಟ್ಟಿಗೆ) ಮತ್ತು ರೌಟರ್ ಎರಡನ್ನೂ ಆರಿಸಿ, ಅರ್ಧ ನಿಮಿಷ ಕಾದು, ಮೊದಲು ಮೋಡೆಮ್ ಹಚ್ಚಿ, ಅದರ ದೀಪಗಳು ಸ್ಥಿರವಾದ ಮೇಲೆ ರೌಟರ್ ಹಚ್ಚಬೇಕು.

ಒಂದು ಸಾಧನಕ್ಕಷ್ಟೇ ಸಂಪರ್ಕ ಸಿಗದಿದ್ದಾಗ ಅದರಲ್ಲಿ ಉಳಿಸಿಕೊಂಡಿರುವ ನೆಟ್‌ವರ್ಕನ್ನು ಅಳಿಸಿ, ಪಾಸ್‌ವರ್ಡನ್ನು ಹೊಸದಾಗಿ ಕೊಟ್ಟು ಸೇರಿಸುವುದೇ ಮೊದಲ ಮದ್ದು. ರೌಟರಿನ ಪಾಸ್‌ವರ್ಡ್ ಅಥವಾ ಭದ್ರತಾ ವಿಧಾನ ಬದಲಾದ ಮೇಲೂ ಸಾಧನ ಹಳೆಯದನ್ನೇ ನೆನಪಿಟ್ಟುಕೊಂಡು ಮತ್ತೆ ಮತ್ತೆ ಸೋಲುತ್ತಿರುತ್ತದೆ. ಹಳೆಯ ಸಾಧನವಾದರೆ ರೌಟರಿನಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನ ಒಂದನ್ನೇ ಆಯ್ಕೆ ಮಾಡಿದ್ದೀರಾ ಎಂದು ನೋಡಿ. ಡಬ್ಲ್ಯುಪಿಎ2 ಮಾತ್ರ ಬಲ್ಲ ಸಾಧನಕ್ಕೆ ಎರಡೂ ಬೆರೆತ ಆಯ್ಕೆ ಬೇಕಾಗುತ್ತದೆ. ರೌಟರಿನಲ್ಲಿ ಮ್ಯಾಕ್ ವಿಳಾಸದ (ಪ್ರತಿ ಸಾಧನವನ್ನೂ ಗುರುತಿಸುವ ಸಂಖ್ಯೆಯ) ಪಟ್ಟಿ ಮಾಡಿ ಪಟ್ಟಿಯಲ್ಲಿರುವ ಸಾಧನಗಳಿಗಷ್ಟೇ ಪ್ರವೇಶ ಕೊಟ್ಟಿರುವ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚಿನ ಮೊಬೈಲ್‌ಗಳು ಖಾಸಗಿತನದ ಸಲುವಾಗಿ ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಡಿ ಬೇರೊಂದನ್ನು ತೋರಿಸುವುದರಿಂದ, ರೌಟರ್ ಅವುಗಳನ್ನು ಅಪರಿಚಿತರೆಂದು ಬಾಗಿಲಲ್ಲೇ ತಡೆಯುತ್ತದೆ.

ಸಾಧನ ಸೇರಿಕೊಂಡಿದೆ, ಆದರೆ ಏನೂ ತೆರೆಯುವುದಿಲ್ಲ ಎಂಬ ಸ್ಥಿತಿಯಲ್ಲಿ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಸಾಧನಕ್ಕೆ ಸಿಕ್ಕಿರುವ ಸಂಖ್ಯೆಯನ್ನು, ನೋಡುವುದು ಬಹಳ ಉಪಯುಕ್ತ. ಈ ಒಂದು ಸಂಖ್ಯೆ ಹೇಳುವಷ್ಟು ಸಂಗತಿಯನ್ನು ಬೇರೆ ಯಾವ ಸೂಚನೆಯೂ ಹೇಳುವುದಿಲ್ಲವೆಂದು ನನ್ನ ಅಭಿಪ್ರಾಯ. ನೆಟ್‌ವರ್ಕಿನ ವಿವರಗಳಲ್ಲಿ ಅದು ರೌಟರಿನ ವಿಳಾಸದಂತೆಯೇ 192.168 ಎಂದು ಆರಂಭವಾಗಿದ್ದರೆ ಸರಿ. ಅದು 169.254 ಎಂದು ಆರಂಭವಾಗಿದ್ದರೆ, ರೌಟರಿನಿಂದ ವಿಳಾಸ ಸಿಗದೆ ಸಾಧನ ತನಗೆ ತಾನೇ ಒಂದನ್ನು ಕೊಟ್ಟುಕೊಂಡಿದೆ. ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆ ಸ್ಥಗಿತಗೊಂಡಿರುವುದು ಅಥವಾ ಹಂಚಲಿಟ್ಟ ವಿಳಾಸಗಳೆಲ್ಲ ಖರ್ಚಾಗಿರುವುದು ಇದಕ್ಕೆ ಕಾರಣವಾಗಿರಬಹುದು. ರೌಟರನ್ನು ಆರಿಸಿ ಹಚ್ಚಿದರೆ ಅನೇಕ ಬಾರಿ ಸರಿಹೋಗುತ್ತದೆ. ಮರುಕಳಿಸಿದರೆ ರೌಟರಿನ ಪುಟದಲ್ಲಿ ಹಂಚಿಕೆಯ ವ್ಯಾಪ್ತಿಯನ್ನು ಹಿಗ್ಗಿಸಬೇಕು.

ವಿಳಾಸ ಸರಿಯಿದ್ದೂ ಜಾಲತಾಣಗಳು ತೆರೆಯದಿದ್ದರೆ 8.8.8.8 ಎಂಬ ಗೂಗಲ್‌ನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ನೋಡಲು ಪುಟ್ಟ ಸಂದೇಶವೊಂದನ್ನು ಕಳಿಸಿ. ಅಲ್ಲಿಂದ ಉತ್ತರ ಬಂದು, ಹೆಸರಿನಿಂದ ಕರೆದ ತಾಣ ಮಾತ್ರ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಲಸ ಮಾಡುತ್ತಿಲ್ಲ. ರೌಟರಿನಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 ಅಥವಾ 1.1.1.1 ಎಂದು ಬದಲಿಸಿ ನೋಡಬಹುದು. ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಚಾಲೂ ಇದ್ದರೆ ಇದಕ್ಕೂ ಮೊದಲು ಅದನ್ನು ನಿಲ್ಲಿಸಿ. ಸಾಧನದ ದಿನಾಂಕವನ್ನೂ ಗಮನಿಸಿ, ಏಕೆಂದರೆ ಅದು ತಪ್ಪಿದ್ದರೆ ಸುರಕ್ಷಿತ ತಾಣಗಳ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ.

ಬಂದು ಹೋಗುವ ಸಂಪರ್ಕದ ಕಥೆ ಬೇರೆ. 2.4 ಗಿಗಾಹರ್ಟ್ಸ್ ಬ್ಯಾಂಡ್ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ಅದೇ ಬ್ಯಾಂಡಿನಲ್ಲಿ ಬ್ಲೂಟೂತ್, ಅಕ್ಕಪಕ್ಕದ ಮನೆಗಳ ರೌಟರ್‌ಗಳು, ಚಾಲೂ ಇರುವ ಮೈಕ್ರೋವೇವ್ ಒಲೆ ಎಲ್ಲವೂ ಗದ್ದಲ ಮಾಡುತ್ತವೆ. ಇದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಇವುಗಳಲ್ಲಿ ಗದ್ದಲ ಕಡಿಮೆ ಇರುವುದನ್ನು ಆಯ್ದುಕೊಳ್ಳಿ. 5 ಗಿಗಾಹರ್ಟ್ಸ್ ವೇಗವಾದದ್ದು, ಗೋಡೆಗೆ ಮಾತ್ರ ಬೇಗ ಸೋಲುತ್ತದೆ. ಅದರ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಅನೇಕ ದೇಶಗಳಲ್ಲಿ ರೇಡಾರ್‌ಗಳೂ ಬಳಸುವುದರಿಂದ, ರೇಡಾರ್ ಸಂಕೇತ ಕಂಡೊಡನೆ ರೌಟರ್ ಆ ಚಾನೆಲ್ಲನ್ನು ಬಿಟ್ಟುಕೊಟ್ಟು 30 ನಿಮಿಷ ಅತ್ತ ಹೋಗುವಂತಿಲ್ಲ. ಕಾರಣವಿಲ್ಲದೆ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಿಂದ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತಿದ್ದರೆ 36ರಿಂದ 48ರೊಳಗಿನ ಚಾನೆಲ್ ಇಟ್ಟು ನೋಡಿ.

ರೌಟರಿನ ಹಿಂದಿರುವ ಸೂಜಿಯ ತೂತಿನ ರೀಸೆಟ್ ಗುಂಡಿಯನ್ನು ಕೊನೆಯ ಉಪಾಯವಾಗಿಯಷ್ಟೇ ಬಳಸಿ. ಅದು ಆರಿಸಿ ಹಚ್ಚುವುದಕ್ಕೆ ಸಮವಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಜೊತೆಗೆ ಕಂಪನಿ ಕೊಟ್ಟ ಪಿಪಿಪಿಒಇ ಲಾಗಿನ್ ವಿವರಗಳನ್ನೂ ಅಳಿಸಿಹಾಕುತ್ತದೆ. ಆ ವಿವರಗಳು ಕೈಯಲ್ಲಿ ಇಲ್ಲದಿದ್ದರೆ ರೀಸೆಟ್ ಮಾಡುವ ಮೊದಲೇ ಕಂಪನಿಗೆ ಕರೆಮಾಡಿ, ಯಾವ ದೀಪ ಹೇಗೆ ಉರಿಯುತ್ತಿದೆ, ರೌಟರಿನ ಪುಟ ತೆರೆಯುತ್ತದೆಯೇ, ಪಿಂಗ್‌ಗೆ ಉತ್ತರ ಬಂದಿತೇ ಎಂಬುದನ್ನು ಹೇಳಿ.